ಮೂರಾಳುದ್ದ ನೀರಿನಡಿಯ ಪೆಟ್ಟಿಗೆ

ಜಲಾಶಯದ ಗೇಟುಗಳನ್ನು ರಿಪೇರಿ ಮಾಡಲು ಆ ವರ್ಷ ನೀರನ್ನು ಅರ್ಧಕ್ಕಿಂತ ಕೆಳಕ್ಕೆ ಇಳಿಸಿದ್ದರು. ಒಂಬತ್ತು ವರ್ಷದ ಹಿಂದೆ ಮುಳುಗಿದ ಲಾಂಚ್ ಈಗ ಬರೀ ಮೂರಾಳುದ್ದ ನೀರಿನಡಿ ಇದೆ ಎಂಬ ಸುದ್ದಿಯನ್ನು ಫೋಟೋ ಸ್ಟುಡಿಯೋಗೆ ತಂದವನು, ಮೀಸೆ ಎಂದೇ ಹೆಸರಾದ ಮುಳುಗುಗಾರ. ಗೇಟಿನ ಜಾಲರಿಗೆ ಸಿಕ್ಕಿಕೊಳ್ಳುವ ಕೊಂಬೆ, ಕಸ ತೆಗೆಯಲು ನೀರಿಗಿಳಿಯುವುದು ಅವನ ಕೆಲಸ. ಪೊದೆಯಂಥ ಮೀಸೆಯ ಸಂದಿಯಿಂದ ಮಾಸ್ಕಿನೊಳಗೆ ನೀರು ಸೋರುತ್ತದೆಂದು ದಿನಾ ಅದಕ್ಕೆ ವ್ಯಾಸಲೀನ್ ಬಳಿಯುತ್ತಿದ್ದ. ಬೋಳಿಸಿಕೋ ಎಂದರೆ ಮಾತ್ರ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಸ್ಟುಡಿಯೋ ನಡೆಸುತ್ತಿದ್ದವಳನ್ನು ಊರೆಲ್ಲ ಅಕ್ಕ ಎಂದೇ ಕರೆಯುತ್ತಿತ್ತು. ವಯಸ್ಸು ಐವತ್ತೆರಡು. ಅರ್ಜಿಗೆ ಅಂಟಿಸುವ ಮುಖಗಳನ್ನೂ ಶಾಲೆಯ ಗುಂಪುಗಳನ್ನೂ ತೆಗೆಯುತ್ತಲೇ ಮೂವತ್ತು ವರ್ಷ ಕಳೆದಿದ್ದಳು. ಮುಳುಗಿದ ಲಾಂಚ್ ನಡೆಸುತ್ತಿದ್ದವನು ಅವಳ ಅಣ್ಣ. ಗಾಳಿ ಎದ್ದ ಒಂದು ಸಂಜೆ ಲಾಂಚ್ ಮಗುಚಿ ಆರು ಪ್ರಯಾಣಿಕರು ಸತ್ತರು, ಅವನೂ ಸತ್ತ. ಒಬ್ಬರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ಎಂಜಿನ್ ಕೋಣೆಯ ಜಾಕೆಟ್ ಪೆಟ್ಟಿಗೆಗೆ ಬೀಗ ಹಾಕಿದ್ದನ್ನು ಹತ್ತುವಾಗಲೇ ನೋಡಿದ್ದೆ ಎಂದು ಬದುಕಿ ಬಂದವರೊಬ್ಬರು ಹೇಳಿದರು, ತನಿಖೆಯ ವರದಿಯಲ್ಲೂ ಅದೇ ಬಂತು. ಜಾಕೆಟ್ ಕಳುವಾಗುತ್ತವೆಂದು ಬೀಗ ಹಾಕಿಸಿ, ಬೀಗದ ಕೈಯನ್ನು ತನ್ನ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದವನು ಲಾಂಚಿನ ಮಾಲೀಕ. ಅವನು ಊರು ಬಿಟ್ಟ. ಜನರ ಬಾಯಿಗೆ ಸಿಕ್ಕಿದ್ದು ಡ್ರೈವರ್.

ಅಂದಿನಿಂದ ಅವನ ಹೆಂಡತಿ, ಸ್ಟುಡಿಯೋ ಹಿಂದಿನ ಮನೆಯಲ್ಲಿ ಅಕ್ಕನ ಜೊತೆಗಿದ್ದ ಅತ್ತಿಗೆ, ಅಂಗಡಿಗೆ ಹೋಗಬೇಕೆಂದರೂ ನೆಲ ನೋಡಿಕೊಂಡೇ ನಡೆಯುತ್ತಿದ್ದಳು. ಎದುರು ಮನೆಯಲ್ಲಿ ಟೀಚರ್ ಇದ್ದರು. ಹತ್ತೊಂಬತ್ತು ವರ್ಷದ ಒಬ್ಬಳೇ ಮಗಳನ್ನು ಆ ಲಾಂಚಿನಲ್ಲಿ ಕಳೆದುಕೊಂಡವರು. ಒಂಬತ್ತು ವರ್ಷದಲ್ಲಿ ಅತ್ತಿಗೆಯ ಜೊತೆ ಒಂದೇ ಒಂದು ಮಾತಾಡಿರಲಿಲ್ಲ.

"ನನಗೆ ಆ ಪೆಟ್ಟಿಗೆ ನೋಡ್ಬೇಕು. ಫೋಟೋ ತೆಗೀಬೇಕು" ಎಂದಳು ಅಕ್ಕ ಮೀಸೆಗೆ.

"ನಾನೇ ನೋಡಿ ಬಂದು ಹೇಳಿದ್ರೆ?"

"ನಿನಗೆ ನಾನೇ ಹೇಳ್ಕೊಟ್ಟೆ ಅಂತಾರೆ. ಫೋಟೋ ಬೇಕು."

ಮೀಸೆ ಅವಳಿಗೆ ದಡದ ಸೊಂಟದೆತ್ತರದ ನೀರಿನಲ್ಲಿ ಎರಡು ವಾರ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಮುಳುಗಿ ಉಸಿರಾಡುವುದನ್ನು ಕಲಿಸಿದ. ಅವಳು ಹಳೆಯದೊಂದು ಪುಟ್ಟ ಕ್ಯಾಮೆರಾ, ಅದಕ್ಕೆ ಹೊಂದುವ ಪ್ಲಾಸ್ಟಿಕ್ ಕವಚ ಹುಡುಕಿ ತಂದಳು. ಕವಚದೊಳಗೆ ಒಣ ಟಿಶ್ಯೂ ಕಾಗದವಿಟ್ಟು, ಬಚ್ಚಲಿನ ಬಕೆಟ್ಟಿನಲ್ಲಿ ಒಂದು ಗಂಟೆ ಮುಳುಗಿಸಿ, ಒದ್ದೆಯಾಗಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಗಾಜು ಮಬ್ಬಾಗದಿರಲೆಂದು ಚಪ್ಪಲಿ ಡಬ್ಬಿಗಳಲ್ಲಿ ಬರುವ, ತೇವ ಹೀರುವ ಪೊಟ್ಟಣಗಳನ್ನು ಒಳಗೆ ತುರುಕಿದಳು.

"ನೀರೊಳಗೆ ಫೋಟೋ ತೆಗೆಯೋರು ಎರಡೂ ಪಕ್ಕ ತೋಳಿನ ಥರ ದೊಡ್ಡ ಫ್ಲ್ಯಾಶ್ ಸಿಗಿಸ್ಕೊಂಡಿರ್ತಾರೆ ಅಕ್ಕ."

"ಅದನ್ನ ಕೊಳ್ಳೋಕೆ ಸ್ಟುಡಿಯೋನೇ ಮಾರ್ಬೇಕಾಗತ್ತೆ. ಕ್ಯಾಮೆರಾದಲ್ಲಿರೋ ಫ್ಲ್ಯಾಶೇ ಸಾಕು, ನಡಿ."

ಸಾಕಾಗಲಿಲ್ಲ. ಮೊದಲ ದಿನ ಬೆಳಿಗ್ಗೆ ಇಳಿದಾಗ ಲಾಂಚ್ ಕೆಸರಿನಲ್ಲಿ ಒಂದು ಪಕ್ಕಕ್ಕೆ ವಾಲಿ ಮಲಗಿತ್ತು. ಎಂಜಿನ್ ಕೋಣೆಗೆ ಬಾಗಿಲೇ ಉಳಿದಿರಲಿಲ್ಲ. ಅವಳ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ಮೀಸೆ ಹೊರಗೆ ನಿಂತ. ಒಳಗಿನ ಮಬ್ಬಿನಲ್ಲಿ ಅವಳಿಗೆ ಕಂಡದ್ದು ಪೆಟ್ಟಿಗೆಯ ಆಕಾರವಷ್ಟೇ. ಒಳಗೆ ಹೋಗುವ ಧೈರ್ಯ ಬರಲಿಲ್ಲ. ಬಾಗಿಲಿನಿಂದಲೇ ನಾಲ್ಕು ಸಲ ಕ್ಯಾಮೆರಾದ ಗುಂಡಿ ಒತ್ತಿ ಮೇಲೆ ಬಂದುಬಿಟ್ಟಳು.

ಸ್ಟುಡಿಯೋದಲ್ಲಿ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದರೆ ಹಿಟ್ಟು ಎರಚಿದಂತೆ ಬಿಳಿ ಚುಕ್ಕೆಗಳು. ನೀರಿನಲ್ಲಿ ತೇಲುವ ಕಣಕಣಕ್ಕೂ ಫ್ಲ್ಯಾಶ್ ಬಡಿದು ವಾಪಸು ಬಂದಿತ್ತು. ಆ ಚುಕ್ಕೆಗಳ ನಡುವೆ ಸ್ಪಷ್ಟವಾಗಿ ಕಂಡದ್ದು ಒಂದೇ: ಚಿಲಕದಲ್ಲಿ ನೇತುಬಿದ್ದ, ಹಾಕಿದ್ದ ಬೀಗ.

ಅತ್ತಿಗೆ ಹಿಂದೆ ಬಂದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ.

"ಬೀಗ ಹಾಕಿತ್ತು, ಅಲ್ವಾ?"

"ಹೂಂ ಅತ್ತಿಗೆ."

"ಸರಿ ಬಿಡು. ಗೊತ್ತಾಯ್ತಲ್ಲ." ಅತ್ತಿಗೆ ಒಳಗೆ ಹೋಗಿ ಒಗೆದ ಬಟ್ಟೆಗಳನ್ನು ಮಡಿಸತೊಡಗಿದಳು. ಮಡಿಸಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

ಮರುದಿನ ಮೀಸೆಯೂ ಬೇಡವೆಂದ. "ಗಾಯ ಕೆದಕಿದ ಹಾಗಾಗತ್ತೆ ಅಕ್ಕ. ಇಲ್ಲಿಗೆ ಬಿಟ್ಬಿಡಿ."

"ಇದು ಅರ್ಧ ಫೋಟೋ ಕಣೋ. ಮುಂಭಾಗ ಮಾತ್ರ ಬಂದಿದೆ. ಅರ್ಧ ಇಟ್ಕೊಂಡು ನಾನು ಸಾಯೋವರೆಗೂ ಕೂರೋಕ್ಕಾಗಲ್ಲ. ಇನ್ನೂ ಕೆಟ್ಟದ್ದಿದ್ರೆ ಅದೂ ಗೊತ್ತಾಗ್ಲಿ."

ಎರಡನೇ ಸಲ ಫ್ಲ್ಯಾಶ್ ಆರಿಸಿ ತೆಗೆದಳು. ಚುಕ್ಕೆಗಳು ಹೋದವು, ಆದರೆ ಎಲ್ಲವೂ ಪಾಚಿ ಹಸಿರು; ಬೆಳಕು ಸಾಲದೆ ಕ್ಯಾಮೆರಾದ ಶಟರ್ ನಿಧಾನವಾಗಿ, ಕೈ ಅಲುಗಿ ಎಲ್ಲ ಕಲಸಿಹೋಗಿತ್ತು. ಬಿಟ್ಟ ಉಸಿರಿನ ಗುಳ್ಳೆಗಳು ಚಾವಣಿಗೆ ತಾಗಿ ತುಕ್ಕು ಬೇರೆ ಉದುರುತ್ತಿತ್ತು. ಆ ದಿನ ಅವಳು ಗಮನಿಸಿದ್ದು ಇನ್ನೊಂದು: ಎಂಜಿನ್ ಕೋಣೆಯ ಚಾವಣಿಯಲ್ಲಿ ಒಡೆದ ಕಿಂಡಿಯೊಂದಿದೆ. ಸೂರ್ಯ ನೆತ್ತಿಗೆ ಬಂದರೆ ಬೆಳಕು ಅಲ್ಲಿಂದ ನೇರ ಪೆಟ್ಟಿಗೆಯ ಮೇಲೆ ಬೀಳಬೇಕು.

ಮೋಡವಿಲ್ಲದ ದಿನಕ್ಕಾಗಿ ಆರು ದಿನ ಕಾದರು. ರಿಪೇರಿ ಮುಗಿಯುತ್ತ ಬಂದಿತ್ತು. ವಾರದೊಳಗೆ ನೀರು ಮತ್ತೆ ಏರುವುದಿತ್ತು.

ಏಳನೆಯ ದಿನ ಮಧ್ಯಾಹ್ನ ಅವಳು ಅಡುಗೆಮನೆಯ ಡಬ್ಬಿಯದೊಂದು ಬಿಳಿ ಮುಚ್ಚಳ ಹಿಡಿದು ಇಳಿದಳು. ಕಾಲಾಡಿಸದೆ, ಕೈಯಿಂದಲೇ ಜಗ್ಗಿಕೊಂಡು ಒಳಗೆ ಸರಿದಳು. ಎದ್ದ ಕೆಸರು ಕೂರುವವರೆಗೆ ಅಲುಗಲಿಲ್ಲ. ಬಿಳಿ ಮುಚ್ಚಳವನ್ನು ಬೆಳಕಿಗೆ ಹಿಡಿದು, ಬಣ್ಣ ಸರಿಹೋಗಲೆಂದು, ಇದು ಬಿಳಿ ಎಂದು ಕ್ಯಾಮೆರಾಕ್ಕೆ ತೋರಿಸಿಕೊಟ್ಟಳು. ಪರದೆಯ ಮೇಲಿನ ಹಸಿರು ತಟ್ಟನೆ ಇಳಿದು, ಮರ ಮರದ ಬಣ್ಣಕ್ಕೆ ಬಂತು. ಪೆಟ್ಟಿಗೆಯ ಹಿಂಬದಿಗೆ ಬಾಗಿದಳು. ಅಲ್ಲೊಂದು ಕಡೆ, ಬೂದು ಎಂದು ಅವಳು ಅಂದುಕೊಂಡಿದ್ದ ಚಿಂದಿ, ಪರದೆಯಲ್ಲಿ ಕಿತ್ತಳೆಯಾಗಿ ಕಂಡಿತು.

ಜಾಕೆಟ್ಟಿನ ಪಟ್ಟಿ. ಪೆಟ್ಟಿಗೆಯ ಹಿಂದಿನ ಕೀಲುಗಳಲ್ಲಿ ಒಂದು ಮರದ ಸಮೇತ ಕಿತ್ತುಬಂದಿತ್ತು. ಗೇಣಗಲ ಎದ್ದ ಮುಚ್ಚಳದ ಸಂದಿಯಲ್ಲಿ ಎಂಜಿನ್ ಶುರು ಮಾಡುವ ಕಬ್ಬಿಣದ ಹ್ಯಾಂಡಲ್ ಸಿಕ್ಕಿಕೊಂಡಿತ್ತು. ಅದರ ಪಕ್ಕದಲ್ಲೇ ಒಂದು ಜಾಕೆಟ್ ಅರ್ಧ ಹೊರಗೆ ಬಂದಿತ್ತು. ಆ ಹ್ಯಾಂಡಲ್ ಮುಟ್ಟುತ್ತಿದ್ದವನು ಲಾಂಚಿನಲ್ಲಿ ಒಬ್ಬನೇ, ಅವಳ ಅಣ್ಣ.

ಮೊಣಕೈಗಳನ್ನು ಎಂಜಿನ್ನಿಗೆ ಊರಿ, ಒಂದು ಮೊಳದಷ್ಟು ಹತ್ತಿರ ಹೋದಳು. ಉಸಿರು ಬಿಟ್ಟು ಮುಗಿಸಿದ ಆ ಚೂರು ಹೊತ್ತಿನಲ್ಲಿ ಒತ್ತಿದಳು. ಹನ್ನೊಂದು ಚಿತ್ರ. ಆಮೇಲೆ ತುಕ್ಕು ಉದುರಿ ಎಲ್ಲ ಮರೆಯಾಯಿತು. ಮೇಲೆ ಬಂದವಳ ಮಾಸ್ಕನ್ನು ಮೀಸೆ ತೆಗೆದ. ಮಾಸ್ಕಿನೊಳಗೆ ಇದ್ದದ್ದು ಜಲಾಶಯದ ನೀರಲ್ಲ.

ಚಿತ್ರ ನೋಡಿ ಅತ್ತಿಗೆ ಹ್ಯಾಂಡಲಿನ ಮೇಲೆ ಬೆರಳಿಟ್ಟಳು. "ಒಡೆದು ತೆಗೆಯೋಕೆ ನೋಡಿದ್ರು" ಎಂದಳು. ಎಷ್ಟೋ ಹೊತ್ತು ಅಷ್ಟನ್ನೇ ಹೇಳುತ್ತಿದ್ದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಟೀಚರಿಗೆ ತೋರಿಸ್ಬೇಕು. ಈ ಹ್ಯಾಂಡಲ್ ಇರೋದು ಮಾತ್ರ ತೋರಿಸು" ಎಂದಳು.

"ಎರಡೂ ತೋರಿಸ್ತೀನಿ ಅತ್ತಿಗೆ. ಬೀಗ ಇದ್ದದ್ದೂ ನಿಜ ತಾನೆ."

ಅತ್ತಿಗೆ ತಕರಾರು ಮಾಡಲಿಲ್ಲ. ಚಪ್ಪಲಿ ಹಾಕಿಕೊಂಡು ತಾನೂ ಹೊರಟಳು.

ಟೀಚರ್ ಬಾಗಿಲು ತೆರೆದು ಇಬ್ಬರನ್ನೂ ನೋಡಿದರು. ಒಳಗೆ ಕರೆಯಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಹೊಸ್ತಿಲಲ್ಲೇ ಕನ್ನಡಕ ಹಾಕಿಕೊಂಡು ಮೊದಲ ಚಿತ್ರ ನೋಡಿದರು, ಎರಡನೆಯದನ್ನು ತುಂಬ ಹೊತ್ತು ನೋಡಿದರು.

"ಇದು ಅವನು ಮಾಡಿದ್ದಾ?"

"ಹೌದು ಟೀಚರ್."

"ಬೀಗ ಹಾಕಿರೋ ಪೆಟ್ಟಿಗೆ ಇಟ್ಕೊಂಡು ದಿನಾ ಲಾಂಚ್ ನಡೆಸ್ತಿದ್ನಲ್ಲ. ಒಂದು ದಿನವಾದ್ರೂ ಆಗಲ್ಲ ಅನ್ನಬಹುದಿತ್ತು."

"ಅನ್ನಬಹುದಿತ್ತು" ಎಂದಳು ಅತ್ತಿಗೆ. ಅಕ್ಕ ಬಾಯಿ ತೆರೆಯುವ ಮೊದಲೇ ಅವಳು ಹೇಳಿಬಿಟ್ಟಿದ್ದಳು.

ಟೀಚರ್ ತಲೆ ಎತ್ತಿ ಅತ್ತಿಗೆಯನ್ನೇ ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿದರು.

"ನನ್ನ ಮಗಳು ಲಾಂಚಿನ ಮುಂದಿನ ಬೆಂಚಲ್ಲಿ ಎಡಗಡೆ ತುದೀಲಿ ಕೂರ್ತಿದ್ಲು. ಯಾವಾಗ್ಲೂ ಅಲ್ಲೇ. ನೀರು ಏರೋದ್ರೊಳಗೆ ಅದರದ್ದೊಂದು ತೆಗೆದುಕೊಡೋಕಾಗತ್ತಾ?"

"ಆಗತ್ತೆ ಟೀಚರ್. ನಾಳೇನೇ ಇಳೀತೀನಿ. ಅದು ಹೊರಗಡೆ ಇದೆ, ಅಲ್ಲಿ ಬೆಳಕು ಚೆನ್ನಾಗಿದೆ."

ಮರುದಿನ ತೆಗೆದ ಚಿತ್ರದಲ್ಲಿ ಬೆಂಚು ಪೂರ್ತಿ ಬಂತು. ತುದಿಯ ಕಂಬಿಯ ಮೇಲೆ ಕಪ್ಪೆಚಿಪ್ಪುಗಳು, ಅದರ ಕೆಳಗೆ ಬಿಸಿಲಿನ ಗೆರೆಗಳು. ಅದಾದ ನಾಲ್ಕನೆಯ ದಿನ ಗೇಟು ಇಳಿಸಿದರು, ನೀರು ಏರಿತು. ಟೀಚರ್ ಬೆಂಚಿನ ಚಿತ್ರವನ್ನು ಅಕ್ಕನ ಕೈಯಿಂದ ತೆಗೆದುಕೊಂಡು ಒಳಗೆ ಹೋದವರು, ಸ್ವಲ್ಪ ಹೊತ್ತಿಗೆ ಮತ್ತೆ ಹೊರಗೆ ಬಂದರು. ಎದುರು ಮನೆಯ ಮೆಟ್ಟಿಲ ಮೇಲೆ ಅತ್ತಿಗೆ ಕಾಲು ಚಾಚಿ, ಮಂಡಿ ನೀವಿಕೊಳ್ಳುತ್ತ ಕೂತಿದ್ದಳು.

"ನಿಮ್ಮ ಮಂಡಿ ನೋವು ಜಾಸ್ತಿಯಾಗಿದೆ ಅಂತ ಕಾಣತ್ತೆ" ಎಂದರು ಟೀಚರ್, ಬೀದಿಯ ಆ ಬದಿಯಿಂದಲೇ.

"ಹೂಂ" ಎಂದಳು ಅತ್ತಿಗೆ. "ಮೆಟ್ಟಿಲು ಹತ್ತೋವಾಗ ತುಂಬಾ ಬರತ್ತೆ."