ತಿರುಗಿ ತಿರುಗಿ ಅದೇ ಸಾಲು

ಅಂದು ಗ್ಲೆನಿಸ್ ಪಾಸ್ಕೋಳ ಶಿಷ್ಯರ ಪಿಯಾನೋ ಕಚೇರಿ. ಬೆಳಿಗ್ಗೆ ಅವಳಿಗೆ ಒಂದು ತುಂಡು ಟೋಸ್ಟ್ ಕೂಡ ಗಂಟಲಲ್ಲಿ ಇಳಿಯಲಿಲ್ಲ. ನುಡಿಸುವವರು ಮಕ್ಕಳು, ಕೇಳುವವರು ಅವರ ಅಪ್ಪ ಅಮ್ಮಂದಿರು. ಇವಳದೇನಿದ್ದರೂ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುವ ಕೆಲಸ. ಆದರೂ ಕೈಕಾಲು ತಣ್ಣಗಾಗಿದ್ದವು. ಹೊರಗೆ ದಕ್ಷಿಣ ಆಸ್ಟ್ರೇಲಿಯಾದ ಡಿಸೆಂಬರಿನ ಉರಿಬಿಸಿಲು, ಉತ್ತರದ ಗಾಳಿ ಗೋಧಿಯ ಹೊಟ್ಟನ್ನು ಎತ್ತಿ ತಂದು ಕಿಟಕಿಗೆ ಬಡಿಯುತ್ತಿತ್ತು. ಅಂಥ ಸೆಕೆಯಲ್ಲೂ ಅವಳು ಉಣ್ಣೆಯ ಮೇಲಂಗಿ ಹಾಕಿಕೊಂಡಿದ್ದಳು.

ವಾಲರೂ ಊರಿನಲ್ಲಿ ಪಿಯಾನೋ ಕಲಿಯಬೇಕೆಂದರೆ ಗ್ಲೆನಿಸ್‌ಳ ಮನೆಯ ಮುಂಗೋಣೆಯೇ ಗತಿ. ತಲೆಗೂದಲು ನರೆಯುವಷ್ಟು ಕಾಲದಿಂದ ಕಲಿಸುತ್ತಿದ್ದಾಳೆ. ಆದರೆ ಒಂದು ವರ್ಷವೂ ಮಕ್ಕಳ ಕಚೇರಿ ಇಟ್ಟವಳಲ್ಲ. ಪಕ್ಕದ ಕಡೀನಾ ಊರಿನ ಟೀಚರು ವರ್ಷ ವರ್ಷವೂ ಇಡುತ್ತಾಳೆ. ಇವಳನ್ನು ಕೇಳಿದರೆ ಒಂದು ವರ್ಷ ಸೆಕೆ ಜಾಸ್ತಿ, ಇನ್ನೊಂದು ವರ್ಷ ಗೋಧಿ ಕೊಯ್ಲು, ಮತ್ತೊಂದು ವರ್ಷ ಚರ್ಚ್ ಹಾಲ್‌ನ ಪಿಯಾನೋದೊಳಗೆ ಇಲಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಿಜ ಸಂಗತಿಯೇ ಬೇರೆ. ಹದಿನೈದರ ಹುಡುಗಿಯಾಗಿದ್ದಾಗ ಅಡಿಲೇಡಿನ ಒಂದು ಸ್ಪರ್ಧೆಯಲ್ಲಿ ನಡುವೆ ಎಲ್ಲ ಮರೆತುಹೋಗಿ, ಸ್ಟೂಲಿನಿಂದ ಎದ್ದು ಓಡಿ, ಹಿಂಬಾಗಿಲ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡಿದ್ದಳು. ಅಲ್ಲಿಂದೀಚೆಗೆ ನಾಲ್ಕು ಜನರ ಮುಂದೆ ಒಂದು ಸ್ವರ ಒತ್ತಿದವಳಲ್ಲ. ಚರ್ಚಿನವರು ಕರೆದರೆ ಮಣಿಕಟ್ಟು ನೋವು ಅನ್ನುತ್ತಿದ್ದಳು. ಅವಳ ಗಂಡ, ಪಾಪ, ಅವಳು ನುಡಿಸಿದ್ದನ್ನು ಗೋಡೆಯಾಚೆಯಿಂದ ಕೇಳಿದ್ದೇ ಹೊರತು ಎದುರಿಗೆ ಕುಳಿತು ಕೇಳಿದವನಲ್ಲ. ಕೊನೆಯವರೆಗೂ ಮಣಿಕಟ್ಟಿಗೆ ಎಣ್ಣೆ ತಂದುಕೊಡುತ್ತಲೇ ಇದ್ದು ತೀರಿಕೊಂಡ.

ಈ ವರ್ಷ ಮಾತ್ರ ನೆಪ ನಡೆಯಲಿಲ್ಲ. ಟೆಗನ್ ಎಂಬ ಹನ್ನೊಂದರ ಹುಡುಗಿಯ ತಾಯಿ ರೊವೀನಾ ಖಡಾಖಂಡಿತವಾಗಿ ಹೇಳಿಬಿಟ್ಟಳು: ಮಗಳು ಇಷ್ಟು ದಿನ ಕಲಿತದ್ದನ್ನು ಮನೆಯ ನಾಯಿ ಬಿಟ್ಟರೆ ಯಾರೂ ಕೇಳಿಲ್ಲ, ಈ ಸಲವೂ ಕೇಳದಿದ್ದರೆ ಪಿಯಾನೋ ಸಾಕು, ಆ ಹೊತ್ತಿನಲ್ಲಿ ನೆಟ್‌ಬಾಲ್ ಆಡಲಿ. ಟೆಗನ್ ಅಂದರೆ ಗ್ಲೆನಿಸ್‌ಗೆ ಪ್ರಾಣ. ಹಾಗೆ ಕೇಳುವ ಕಿವಿ, ಹಾಗೆ ಓಡುವ ಬೆರಳು ಆ ಊರಿನಲ್ಲಿ ಇನ್ನೊಂದಿರಲಿಲ್ಲ. ಕಚೇರಿ ಇಡದಿದ್ದರೆ ಹುಡುಗಿ ಕೈತಪ್ಪುತ್ತಾಳೆ. ಇಟ್ಟು, ಅಲ್ಲಿ ಅವಳು ತನ್ನಂತೆಯೇ ಎಡವಿದರೆ? ಆಗ ಅವಳೂ ತನ್ನಂತೆಯೇ ಆಗುತ್ತಾಳೆ. ಜನ್ಮವಿಡೀ ಮುಚ್ಚಿದ ಕೋಣೆಯಲ್ಲಿ ನುಡಿಸಿಕೊಂಡಿರುವ ಹೆಂಗಸಾಗುತ್ತಾಳೆ. ಬೆಳಗಿನಿಂದ ಗ್ಲೆನಿಸ್‌ಳನ್ನು ಕಾಡುತ್ತಿದ್ದುದು ಅದೇ.

ಮಧ್ಯಾಹ್ನ ಚರ್ಚ್ ಹಾಲ್ ತುಂಬಿತು. ಒಬ್ಬೊಬ್ಬರೂ ಒಂದೊಂದು ತಟ್ಟೆ ತಿಂಡಿ ತಂದಿದ್ದರು: ಸಾಸೇಜ್ ರೋಲು, ತೆಂಗಿನ ಪುಡಿಯಲ್ಲಿ ಹೊರಳಿಸಿದ ಲ್ಯಾಮಿಂಗ್ಟನ್ ಕೇಕು, ಮಾಂಸ ಆಲೂಗಡ್ಡೆ ತುಂಬಿದ ಪುಟ್ಟ ಪುಟ್ಟ ಪೇಸ್ಟಿ. ಹಾಲ್ ನೋಡಿಕೊಳ್ಳುವ ಬೆರಿಲ್ ಟೀ ಕಾಯಿಸುವ ದೊಡ್ಡ ಪಾತ್ರೆಯ ಹತ್ತಿರದಿಂದಲೇ ಗ್ಲೆನಿಸ್‌ಳ ಮುಖ ನೋಡಿ, ಯಾರ ಹೆಣ ಹೊರೋಕೆ ಬಂದಿದೀಯಾ, ಸ್ವಲ್ಪ ನಗಬಾರದಾ ಎಂದು ಛೇಡಿಸಿದಳು. ಗ್ಲೆನಿಸ್ ನಕ್ಕಳು. ತುಟಿ ಹಲ್ಲಿಗೆ ಅಂಟಿಕೊಂಡಿತು.

ಚಿಕ್ಕವರು ಮೊದಲು ನುಡಿಸಿದರು. ಒಂದು ಮಗು ಎಡಗೈಯನ್ನೇ ಮರೆಯಿತು, ಇನ್ನೊಂದು ಮುಗಿಯುವ ಮೊದಲೇ ಎದ್ದು ವಂದಿಸಿತು. ಜನ ನಕ್ಕು ಚಪ್ಪಾಳೆ ತಟ್ಟಿದರು. ಆ ಮಕ್ಕಳೂ ನಗುತ್ತಲೇ ಓಡಿಹೋಗಿ ಅಮ್ಮಂದಿರ ತೊಡೆ ಹತ್ತಿದರು. ಅಷ್ಟು ಸಲೀಸಾಗಿ ಆಗಿಹೋಗುತ್ತದೆಂದು ಗ್ಲೆನಿಸ್ ಎಣಿಸಿರಲಿಲ್ಲ.

ಕೊನೆಗೆ ಟೆಗನ್ ಬಂದು ಕುಳಿತಳು. ಅವಳದೊಂದು ದೋಣಿಯ ಹಾಡು. ಆ ಹಾಡಿನ ಕೊನೆಯಲ್ಲಿ ಎರಡು ಸಾಲುಗಳಿವೆ. ಮೊದಲ ಸಾಲು ನುಡಿಸಿದರೆ ಮತ್ತೆ ಆರಂಭಕ್ಕೆ ಹೋಗಬೇಕು; ಎರಡನೆಯ ಸಲ ಬಂದಾಗ ಆ ಸಾಲನ್ನು ಹಾರಿ ಮುಂದಿನದನ್ನು ನುಡಿಸಿದರೆ ಹಾಡು ಮುಗಿಯುತ್ತದೆ. ಟೆಗನ್ ಸೊಗಸಾಗಿ ಶುರು ಮಾಡಿದಳು. ಜನ ಬೀಸಣಿಗೆ ಬೀಸುವುದನ್ನೂ ನಿಲ್ಲಿಸಿದರು. ಮೊದಲ ಸಾಲಿಗೆ ಬಂದು, ಆರಂಭಕ್ಕೆ ಹೋಗಿ, ಮತ್ತೆ ಅಲ್ಲಿಗೆ ಬಂದಳು. ಬಂದು, ಮತ್ತೆ ಮೊದಲ ಸಾಲನ್ನೇ ನುಡಿಸಿ ಆರಂಭಕ್ಕೆ ಹೋದಳು.

ಗ್ಲೆನಿಸ್‌ಳ ಜೀವ ಬಾಯಿಗೆ ಬಂತು. ಇರಲಿ, ಒಂದು ಸಲ ತಪ್ಪಿದಳು, ಈಗ ಸರಿಹೋಗುತ್ತಾಳೆ ಅಂದುಕೊಂಡಳು. ಹುಡುಗಿ ಮತ್ತೆ ಬಂದಳು, ಮತ್ತೆ ಹಿಂದಕ್ಕೇ ಹೋದಳು. ಹಾಲ್‌ನಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಬೆರಿಲ್ ತಲೆದೂಗುತ್ತಿದ್ದಳು, ರೊವೀನಾ ಫೋನ್ ಎತ್ತಿ ಹಿಡಿದು ಚಿತ್ರೀಕರಿಸುತ್ತಿದ್ದಳು. ಗೊತ್ತಿದ್ದವರು ಇಬ್ಬರೇ, ನುಡಿಸುವವಳು ಮತ್ತು ಕಲಿಸಿದವಳು. ಟೆಗನ್‌ಳ ಕಿವಿಗಳು ಕೆಂಪಾದವು. ಆ ಸಾಲು ಹತ್ತಿರ ಬಂದಂತೆಲ್ಲ ಅವಳು ಎದುರಿಗಿದ್ದ ಸ್ವರದ ಪುಸ್ತಕವನ್ನು ಬಿಟ್ಟು ತನ್ನ ಬಲಮಗ್ಗುಲಿಗೆ ಕಣ್ಣು ಹಾಯಿಸುತ್ತಿದ್ದಳು. ಅಲ್ಲಿ ಏನೂ ಇರಲಿಲ್ಲ, ಯಾರೂ ಇರಲಿಲ್ಲ.

ಆಗ ಗ್ಲೆನಿಸ್‌ಗೆ ಹೊಳೆಯಿತು. ಪಾಠದಲ್ಲಿ ಆ ಬಲಮಗ್ಗುಲಿನ ಕುರ್ಚಿ ಇವಳದು. ಆ ಜಾಗ ಬಂದಾಗಲೆಲ್ಲ ಇವಳು ಪೆನ್ಸಿಲ್ ಚಾಚಿ ಎರಡನೆಯ ಸಾಲಿನ ಮೇಲೆ ಟಕ್ಕೆಂದು ಬಡಿಯುತ್ತಿದ್ದಳು. ಒಂದು ವಾರವೂ ತಪ್ಪಿಸಿರಲಿಲ್ಲ. ಹುಡುಗಿ ಎಡವಿಯಾಳೆಂಬ ಹೆದರಿಕೆಗೆ, ಎಡವುವ ಮೊದಲೇ ಬಡಿದುಬಿಡುತ್ತಿದ್ದಳು. ದಾರಿ ಇವಳ ಪೆನ್ಸಿಲಿಗೆ ಗೊತ್ತಿತ್ತು, ಹುಡುಗಿಗೆ ಗೊತ್ತಿರಲಿಲ್ಲ. ಅಯ್ಯೋ ದೇವರೇ, ಇಷ್ಟು ವರ್ಷ ಎಷ್ಟು ಮಕ್ಕಳಿಗೆ ಹೀಗೆ ಮಾಡಿದೆನೋ! ಒಂದೇ ಒಂದು ಕಚೇರಿ ಇಟ್ಟಿದ್ದರೆ ಅಂದೇ ಕಾಣುತ್ತಿತ್ತು. ಮುಂಗೋಣೆಯಲ್ಲಿ ಎಲ್ಲ ಸರಿಯಾಗಿಯೇ ಕೇಳಿಸುತ್ತಿತ್ತು.

ಏಳು, ಹೋಗಿ ಪಕ್ಕದಲ್ಲಿ ಕೂರು ಎಂದು ತನಗೆ ತಾನೇ ಹೇಳಿಕೊಂಡಳು. ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಸಾಕಿತ್ತು. ಕಾಲು ಬರಲಿಲ್ಲ. ಅಷ್ಟು ಜನರ ಕಣ್ಣೆದುರು ಪಿಯಾನೋದ ಹತ್ತಿರ ಹೋಗುವುದೆಂದರೆ ಮತ್ತೆ ಆ ಅಡಿಲೇಡಿನ ಸ್ಟೂಲಿಗೇ ಹೋದ ಹಾಗೆ. ಎದುರಿಗೆ ಮಗು ಮುಳುಗುತ್ತಿದ್ದರೂ ಗರಬಡಿದವಳಂತೆ ಕುಳಿತೇ ಇದ್ದಳು. ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತು.

ಟೆಗನ್ ನಿಲ್ಲಿಸಿಬಿಟ್ಟಳು.

ತಗಡಿನ ಚಾವಣಿ ಬಿಸಿಲಿಗೆ ಟಿಕ್ ಟಿಕ್ ಅನ್ನುತ್ತಿತ್ತು. ಯಾರೋ ಕೆಮ್ಮಿದರು. ರೊವೀನಾ ಫೋನ್ ಕೆಳಗಿಳಿಸಿದಳು. ಈಗ ಎದ್ದು ಓಡುತ್ತಾಳೆ, ಹಿಂಬಾಗಿಲು ಅಲ್ಲೇ ಇದೆ, ಈಗ ಓಡುತ್ತಾಳೆ ಎಂದು ಗ್ಲೆನಿಸ್ ಕಣ್ಣು ಮುಚ್ಚಿಕೊಂಡಳು.

ಕಾಲ ಸಪ್ಪಳ ಕೇಳಲಿಲ್ಲ. ಕಣ್ಣು ತೆರೆದರೆ ಹುಡುಗಿ ಅಂಗೈಗಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಪುಸ್ತಕದ ಹತ್ತಿರ ಬಾಗಿ, ಬೆರಳಿಟ್ಟು, ಸಂತೆಯಲ್ಲಿ ಅಂಗಡಿ ಹುಡುಕುವವಳಂತೆ ಸಾಲಿನಿಂದ ಸಾಲಿಗೆ ಹುಡುಕಿದಳು. ಯಾರ ಗೊಡವೆಯೂ ಅವಳಿಗೆ ಬೇಕಿರಲಿಲ್ಲ. ಸಿಕ್ಕಿತು. ಕೈ ಎತ್ತಿ ಎರಡನೆಯ ಸಾಲನ್ನು ನುಡಿಸಿ ಹಾಡು ಮುಗಿಸಿದಳು. ಕೊನೆಯ ಸ್ವರ ತುಸು ಜೋರಾಯಿತು. ಜನ ಜೋರಾಗಿ ಚಪ್ಪಾಳೆ ತಟ್ಟಿದರು.

ಟೀ ಹೊತ್ತಿಗೆ ಗ್ಲೆನಿಸ್ ಹೆದರುತ್ತಲೇ ತಾಯಿ ಮಗಳ ಹತ್ತಿರ ಹೋದಳು. ಇನ್ನು ಬರುವುದಿಲ್ಲ ಎಂಬ ಮಾತಿಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಟೆಗನ್ ಲ್ಯಾಮಿಂಗ್ಟನ್ ತಿನ್ನುತ್ತಿದ್ದಳು.

"ತುಂಬಾ ಭಯ ಆಯ್ತಾ?" ಎಂದು ಕೇಳಿದಳು ಗ್ಲೆನಿಸ್.

"ವಾಂತಿ ಬರೋ ಹಾಗಾಗಿತ್ತು ಮಿಸ್. ಪ್ರತಿ ಸಲ ಅಲ್ಲಿಗೆ ಬಂದಾಗ ನಿಮ್ಮ ಪೆನ್ಸಿಲ್ ಬರುತ್ತೆ ಅಂತ ಕಾಯ್ತಾ ಇದ್ದೆ. ಆಮೇಲೆ ನೀವು ಬರಲ್ಲ ಅಂತ ಗೊತ್ತಾಯ್ತು. ಅದಕ್ಕೇ ನಿಲ್ಲಿಸಿ ಹುಡುಕಿದೆ." ಬಾಯಲ್ಲಿದ್ದುದನ್ನು ನುಂಗಿ ಹುಡುಗಿ ಮುಂದುವರಿಸಿದಳು. "ಇನ್ಮೇಲೆ ಪಾಠದಲ್ಲಿ ಪಕ್ಕ ಕೂರಬೇಡಿ. ಅಡಿಗೆಮನೆಗೆ ಹೋಗಿ ಕೂತ್ಕೊಳ್ಳಿ."

ದೊಡ್ಡವರ ಹತ್ತಿರ ಹೀಗೆ ಮಾತಾಡುವುದೇ ಎಂದು ರೊವೀನಾ ಗದರಿದಳು. ಗ್ಲೆನಿಸ್ ಪರವಾಗಿಲ್ಲ ಎಂಬಂತೆ ತಲೆಯಾಡಿಸಿದಳು. ಮಾತು ಚುಚ್ಚಿತ್ತು, ಆದರೆ ಸುಳ್ಳಾಗಿರಲಿಲ್ಲ. ಪಾಠದಲ್ಲಿ ಅಂದಳಲ್ಲ, ಹಾಗಾದರೆ ಬರುತ್ತಾಳೆ. ಅಷ್ಟು ಸಾಕಿತ್ತು.

ಹುಡುಗಿಗೆ ಅಷ್ಟು ಸಾಲದು. "ಎಲ್ಲರೂ ನುಡಿಸಿದ್ರು. ನೀವ್ಯಾಕೆ ನುಡಿಸಲಿಲ್ಲ?"

ಮಣಿಕಟ್ಟು ನೋವೆಂಬ ರೂಢಿಯ ಸುಳ್ಳು ನಾಲಿಗೆಯ ತುದಿಗೆ ಬಂತು. ಗ್ಲೆನಿಸ್ ಆ ಮಗುವಿನ ಮುಖ ನೋಡಿದಳು. ಕಿವಿಗಳು ಇನ್ನೂ ಕೆಂಪಗಿದ್ದವು.

"ನಂಗೆ ಹೆದರಿಕೆ ಕಣೇ."

"ನನ್ನಷ್ಟಾ?"

"ನಿನಗಿಂತ ಜಾಸ್ತಿ. ನೀನು ಹುಟ್ಟೋಕೆ ಮುಂಚಿಂದ, ನಿಮ್ಮಮ್ಮ ಹುಟ್ಟೋಕೂ ಮುಂಚಿಂದ."

ಟೆಗನ್ ತಟ್ಟೆಯನ್ನು ತಾಯಿಯ ಕೈಗಿತ್ತಳು. ಬನ್ನಿ ಅಂದಳು. ಪಿಯಾನೋದವರೆಗೆ ಹೇಗೆ ನಡೆದಳೋ ಗ್ಲೆನಿಸ್‌ಗೆ ಗೊತ್ತಿಲ್ಲ. ಬಂದು ಸ್ಟೂಲಿನ ಮೇಲೆ ಕುಳಿತಳು. ಟೀ ಬಟ್ಟಲುಗಳ ಸದ್ದು ಒಂದೊಂದಾಗಿ ಅಡಗಿತು. ಬೆರಿಲ್ ಕೈಯಲ್ಲಿ ಜಗ್ ಹಿಡಿದುಕೊಂಡೇ ನಿಂತುಬಿಟ್ಟಳು. ಎಲ್ಲರೂ ಇತ್ತಲೇ ನೋಡುತ್ತಿದ್ದರು.

ಟೆಗನ್ ಒಂದು ಕುರ್ಚಿಯನ್ನು ದರದರ ಎಳೆದು ತಂದು ಪಕ್ಕಕ್ಕೆ ಹಾಕಿದಳು. "ನಾನು ಇಲ್ಲೇ ಕೂತಿರ್ತೀನಿ ಮಿಸ್."

ಕೂತಿರು ಅನ್ನಬೇಕೆಂದು ಗ್ಲೆನಿಸ್‌ಳ ಪ್ರಾಣವೆಲ್ಲ ಹಾತೊರೆಯಿತು. ಆ ಪುಟ್ಟ ತೋಳನ್ನು ಹಿಡಿದುಕೊಳ್ಳಬೇಕೆನ್ನಿಸಿತು.

"ಬೇಡ ಕಂದಾ," ಎಂದಳು. "ನೀನು ಹೋಗಿ ಅಮ್ಮನ ಹತ್ರ ಕೂತ್ಕೋ."

ಹುಡುಗಿ ಒಂದು ಕ್ಷಣ ಅವಳ ಮುಖ ನೋಡಿ, ಕುರ್ಚಿಯನ್ನು ಅಲ್ಲೇ ಬಿಟ್ಟು ಹೋದಳು. ಗ್ಲೆನಿಸ್ ಕೈಗಳನ್ನು ಪಿಯಾನೋದ ಕಪ್ಪು ಬಿಳಿ ಮನೆಗಳ ಮೇಲಿಟ್ಟಳು. ಮೊದಲ ಸ್ವರವೇ ತಪ್ಪಿತು. ಕೈ ಎತ್ತಿ, ಮತ್ತೆ ಇಟ್ಟಳು.