ಒಂಬತ್ತು ಗಂಟೆಯ ಗುರುತು

"ನೈಫ್," ಎಂದು ಡಾಕ್ಟರು ಕೈ ಚಾಚಿದರು. ಸಿಸ್ಟರ್ ಕೊಡಲಿಲ್ಲ.

ಅವಳ ಕಣ್ಣು ಎದುರಿಗಿದ್ದ ಕೇಸ್ ಹಾಳೆಯ ಮೇಲಿತ್ತು. ಚಾಕು ತಾಗುವ ಮುಂಚಿನ ಒಂದು ಗಂಟೆಯೊಳಗೆ ಹೋಗಬೇಕಾದ ಆಂಟಿಬಯೋಟಿಕ್ ಇಂಜೆಕ್ಷನ್ ಮುಂದೆ ಗುರುತು ಬಿದ್ದಿತ್ತು: ವಾರ್ಡಿನಲ್ಲಿ ಕೊಟ್ಟಿದೆ, ಒಂಬತ್ತು ಗಂಟೆ. ಆದರೆ ಎಂಟೂ ಮುಕ್ಕಾಲಿಗೇ ಈ ರೋಗಿಯ ಟ್ರಾಲಿಯನ್ನು ಥಿಯೇಟರಿನೊಳಗೆ ಎಳೆದುಕೊಂಡವಳು ಇವಳೇ. ರೋಗಿ ಟೈಲರ್ ಹೆಂಗಸು. "ಹೊಲಿಗೆ ಸಣ್ಣಗೆ ಹಾಕ್ಸಿ ಸಿಸ್ಟರ್, ಎದ್ಮೇಲೆ ನಾನೇ ಎಣಿಸ್ತೀನಿ," ಎಂದು ನಗಿಸಿ ನಿದ್ದೆಗೆ ಜಾರಿದ್ದಳು.

ಗುರುತಿನ ಪಕ್ಕದ ಸಹಿ ಅಕ್ಕನದು. ಒಡಹುಟ್ಟಿದ ಅಕ್ಕ; ವಾರ್ಡ್ ಇನ್‌ಚಾರ್ಜ್. ಇವಳನ್ನು ಈ ಕೆಲಸಕ್ಕೆ ಸೇರಿಸಿದವಳು. ಬೆಳಿಗ್ಗೆ ಬಂದವಳೇ ಎಲ್ಲರ ಹಾಳೆಗಳನ್ನೂ ಮುಂಗಡವಾಗಿ ತುಂಬಿಡುವುದು ಅವಳ ಚಾಳಿ. "ಆಮೇಲೆ ಯಾರಿಗೆ ಪುರಸೊತ್ತು?" ಎನ್ನುತ್ತಿದ್ದಳು. ಅದಕ್ಕೇ ಒಂದು ಮೆಮೊ ಬಂದಿತ್ತು. ಇನ್ನೊಂದು ಬಂದರೆ ಇನ್‌ಚಾರ್ಜ್ ಕುರ್ಚಿ ಹೋಗುತ್ತಿತ್ತು. ಡಾಕ್ಟರು ಚಾಚಿದ ಕೈ ಅಲ್ಲಾಡಿಸಿದರು.

"ಏನ್ರೀ, ನಿಮಗೂ ಅನಸ್ತೀಸಿಯಾ ಕೊಟ್ಟಿದಾರಾ?"

"ಸರ್, ಇಂಜೆಕ್ಷನ್ ಹೋಗಿಲ್ಲ ಅನ್ಸುತ್ತೆ."

"ಬರ್ದಿದೆಯಲ್ರೀ! ಹೋಗ್ಲಿ, ಆಮೇಲೆ ಒಂದು ವಾರ ಜಾಸ್ತಿ ಕೊಟ್ರಾಯ್ತು."

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಮಾತು.

"ಕರುಳಿನ ಆಪರೇಷನ್ ಸರ್. ಆಮೇಲೆ ಎಷ್ಟು ಕೊಟ್ರೂ ಈಗಿನ ಒಂದಕ್ಕೆ ಸಮ ಆಗಲ್ಲ. ವಾರ್ಡಿಗೆ ಫೋನ್ ಹಚ್ಚಿ."

ಅರಿವಳಿಕೆ ಡಾಕ್ಟರು ಫೋನ್ ಹಚ್ಚಿ ಸ್ಪೀಕರ್ ಒತ್ತಿದರು.

"ಅಕ್ಕಾ, ಟೈಲರಮ್ಮಂಗೆ ಇಂಜೆಕ್ಷನ್ ಕೊಟ್ಯಾ?"

"ಹಾಳೇಲಿ ಇದೆಯಲ್ಲೇ."

"ಹಾಳೆ ನನ್ ಮುಂದೇನೇ ಇದೆ. ನೀನು ಕೊಟ್ಯಾ?"

ಆ ಕಡೆ ಯಾವುದೋ ಮಂಚದ ಗಾಲಿ ಕಿರುಗುಟ್ಟಿತು. ಹೌದು ಎಂದರೆ ಸಾಕು, ಇಲ್ಲಿ ಎಲ್ಲರೂ ನಂಬುತ್ತಿದ್ದರು.

"ಇಲ್ಲ ಕಣೇ," ಎಂದಳು ಅಕ್ಕ.

ಇಂಜೆಕ್ಷನ್ ನಿಧಾನವಾಗಿ ನರಕ್ಕೆ ಇಳಿಯಿತು. ಡಾಕ್ಟರು ಗ್ಲೌಸಿನ ಕೈಗಳನ್ನು ಎದೆಗೆ ಜೋಡಿಸಿ ಗಡಿಯಾರ ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ "ನೈಫ್" ಎಂದರು.

ಸಂಜೆ ಗೇಟಿನಲ್ಲಿ ಅಕ್ಕ ಮುಖ ತಿರುಗಿಸಿ ಹೋದಳು. ಇವಳು ಬಸ್ಸಿನಲ್ಲಿ ಅತ್ತಳು. ಟೈಲರಮ್ಮನಿಗೆ ಮರುದಿನವೇ ಆಂಟಿಬಯೋಟಿಕ್ ನಿಲ್ಲಿಸಿದರು. ಗಾಯದಲ್ಲಿ ಕೀವಿಲ್ಲ, ಜ್ವರವಿಲ್ಲ. ವಾರದೊಳಗೆ ಅವಳು ಹೊಲಿಗೆ ಎಣಿಸಿ, ಎರಡು ಸೊಟ್ಟಗಿವೆ ಎಂದು ತಕರಾರು ತೆಗೆದು ಮನೆಗೆ ಹೋದಳು. ಅದೇ ದಿನ ಅಕ್ಕನಿಗೆ ಎರಡನೇ ಮೆಮೊ ಬಂತು. ಕುರ್ಚಿ ಹೋಯಿತು; ಅದೇ ವಾರ್ಡಿನಲ್ಲಿ ಬರೀ ಸಿಸ್ಟರ್ ಆಗಿ ಉಳಿದಳು.

ಮರುದಿನ ಮೊದಲ ಕೇಸಿನ ಟ್ರಾಲಿ ಬಾಗಿಲಿಗೆ ಬಂದಾಗ ಹಾಳೆಯಲ್ಲಿ ಇಂಜೆಕ್ಷನ್ನಿನ ಜಾಗ ಖಾಲಿಯಿತ್ತು. ಅದರ ಕೆಳಗೆ ಸೀಲು ಒಡೆಯದ ಇಂಜೆಕ್ಷನ್ ಬಾಟಲಿಯೊಂದನ್ನು ಪ್ಲಾಸ್ಟರಿನಿಂದ ಅಂಟಿಸಲಾಗಿತ್ತು. ಪ್ಲಾಸ್ಟರಿನ ಮೇಲೆ ಅಕ್ಕನ ಕೈಬರಹ: "ಕೊಟ್ಟಿಲ್ಲ. ನೀನೇ ಕೊಡಿಸು."