ಬಾಗಿಲು ಮುರಿದ ಪದ್ಯ

ಮೇಷ್ಟ್ರು ಬೋರ್ಡಿನ ಮೇಲೆ ಪದ್ಯದ ಮೊದಲ ಸಾಲು ಬರೆದರು: "ಕಿಟಕಿಯಲಿ ಹಗಲಿತ್ತು ಹಾಸಿಗೆಯ ಬಳಿ ನೆರಳು." ಕಾಯಿಲೆ ಬಿದ್ದ ಮಗು ತಾನೇ ಹೇಳುವ ಪದ್ಯ. ಐದೈದು ಮಾತ್ರೆಯ ನಾಲ್ಕು ಗಣ, ಅಳೆದು ಕತ್ತರಿಸಿದ ಹಾಗೆ. ಆಮೇಲೆ ಕೊನೆಯ ಸಾಲುಗಳನ್ನು ಬರೆದು ಮುಖ ಸಿಂಡರಿಸಿದರು:

ಗಾಳಿ ಬಾ
ಗಿಲ ಹೊರಗೆ
ನಿಂತು ಕೈ
ಬೀಸುತಿದೆ

"ನೋಡಿ, 'ಬಾಗಿಲ'ನ್ನೇ ಮುರಿದು ಹಾಕಿದ್ದಾನೆ. ಇಲ್ಲಿ ಕವಿಗೆ ಲಯದ ಹಿಡಿತ ತಪ್ಪಿದೆ ಅಂತ ಬರ್ಕೊಳ್ಳಿ."

ಎಲ್ಲರೂ ಬರೆದುಕೊಂಡರು. ಗುಬ್ಬಿ ಪೆನ್ನು ಕೆಳಗಿಟ್ಟು ಎದ್ದು ನಿಂತಳು. ಉಬ್ಬಸದಲ್ಲೇ ಬೆಳೆದು ಎಲುಬಿನ ಗೂಡಾಗಿದ್ದ ಮಗುವಿಗೆ ಮನೆಯವರು ಇಟ್ಟ ಹೆಸರದು. ಕಾಲೇಜಿನವರೆಗೂ ಬೆನ್ನು ಬಿಟ್ಟಿರಲಿಲ್ಲ.

"ತಪ್ಪಿಲ್ಲ ಸರ್."

"ಓಹೋ! ನೀನು ಛಂದಸ್ಸಿನಲ್ಲಿ ಪಂಡಿತೆಯೋ?"

"ಅಲ್ಲ ಸರ್. ಉಬ್ಬಸದಲ್ಲಿ."

ಕ್ಲಾಸು ಗೊಳ್ಳೆಂದಿತು. ಕಿವಿ ಬಿಸಿಯಾದರೂ ಅವಳು ಕೂರಲಿಲ್ಲ. "ಆ ನಾಲ್ಕು ತುಂಡನ್ನ ಕೂಡಿಸಿ ಓದಿ ಸರ್. ಮೊದಲನೇ ಸಾಲಿನಷ್ಟೇ ಬರುತ್ತೆ. ಲಯ ಎಲ್ಲೂ ಹೋಗಿಲ್ಲ. ಮಗೂಗೆ ಉಸಿರು ಕಟ್ಟಿದೆ."

ಮೇಷ್ಟ್ರು ಗುರು, ಲಘು ಹಾಕಿ ನೋಡಿದರು. ಸರಿಹೋಯಿತು. ಸರಸರ ಅಳಿಸಿದರು. "ಇರಬಹುದು. ಪರೀಕ್ಷೇಲಿ ಮಾತ್ರ ನಾನು ಹೇಳಿದ್ದನ್ನೇ ಬರಿ."

ಪರೀಕ್ಷೆಯಲ್ಲಿ ಅವಳು ತನಗೆ ಕಂಡದ್ದನ್ನೇ ಬರೆದಳು. ಕೊನೆಗೆ ಹೀಗೆ ಮುಗಿಸಿದಳು: 'ಉಸಿರು ಕಟ್ಟಿದ ಮಗುವಿಗೆ ಒಂದು ಪದ ಪೂರ್ತಿ ಹೇಳುವಷ್ಟು ಗಾಳಿ ಇರುವುದಿಲ್ಲ. ನನಗೂ ಇರಲಿಲ್ಲ.'

ಬಂದದ್ದು ಅರ್ಧದಷ್ಟೇ ಅಂಕ. ಉತ್ತರಪತ್ರಿಕೆ ಹಿಡಿದು ನೇರ ಮೇಷ್ಟ್ರ ಕೋಣೆಗೆ ಹೋದಳು.

"ಮಾತ್ರೆಯ ಎಣಿಕೆ ತಪ್ಪಿದೆಯಾ ಸರ್?"

"ಇಲ್ಲಮ್ಮ, ಎಲ್ಲ ಸರಿಯಾಗಿದೆ." ಮೇಷ್ಟ್ರ ದನಿ ಈ ಸಲ ಮೆತ್ತಗಿತ್ತು. "ಆ ಕೊನೇ ಎರಡು ಪದ ಹೊಡೆದು ಹಾಕು, ಪೂರ್ತಿ ಅಂಕ ಕೊಡ್ತೀನಿ. ವಿಮರ್ಶೇಲಿ ನಿನ್ನ ಕಾಯಿಲೆ ಯಾಕೆ?"

"ಅದರಲ್ಲಿ ನನ್ನ ಸ್ವಂತದ್ದು ಅಂತ ಇರೋದು ಅದೊಂದೇ ಸರ್. ಮಿಕ್ಕಿದ್ದನ್ನ ಯಾರು ಬೇಕಾದ್ರೂ ಎಣಿಸಬಹುದು."

ಮೇಷ್ಟ್ರು ಚಾಚಿದ ಪೆನ್ನನ್ನು ಅವಳು ಮುಟ್ಟಲಿಲ್ಲ. ಅಂಕ ಅರ್ಧಕ್ಕೇ ನಿಂತಿತು.

ಮನೆಯಲ್ಲಿ ಬಟ್ಟೆ ಮಡಚುತ್ತಿದ್ದ ಅಮ್ಮ ಸುದ್ದಿ ಕೇಳಿ ಸಿಡಿದಳು. "ಊರಿಗೆಲ್ಲ ಸಾರಿ ಬಂದ್ಯಾ? ನೆಗಡಿ, ನೆಗಡಿ ಅಂತ ನಾನು ಇಷ್ಟು ವರ್ಷ ಮುಚ್ಚಿಟ್ಟಿದ್ದು ಸುಮ್ಸುಮ್ನೆನಾ?"

"ಇನ್ನು ಮುಚ್ಚಿಡಬೇಡ ಅಮ್ಮ. ತಗೋ, ನನ್ನ ಉತ್ತರದಲ್ಲಿರೋ ಈ ಪದ್ಯದ ಸಾಲು ಜೋರಾಗಿ ಓದು."

ಅಮ್ಮ ಒಲ್ಲದ ಮನಸ್ಸಿನಿಂದ ಶುರುಮಾಡಿದಳು. "ಗಾಳಿ ಬಾ..." ಎಂದವಳ ಓದು ಅಲ್ಲೇ ನಿಂತಿತು. ಕೈಯಲ್ಲಿದ್ದ ಟವೆಲು ಮಡಿಲಿಗೆ ಜಾರಿತು.

"ಚಿಕ್ಕವಳಿದ್ದಾಗ ನೀನು ಹೀಗೇ ಕರೀತಿದ್ದೆ ನನ್ನ. 'ಅಮ್' ಅಂತಿದ್ದೆ. 'ಮಾ' ಬರೋ ತನಕ ನನ್ನ ಜೀವಾನೂ ನಿಂತಿರ್ತಿತ್ತು."

ಅಮ್ಮ ಉತ್ತರಪತ್ರಿಕೆಯನ್ನು ಮಗಳ ಕೈಗೆ ತುರುಕಿದಳು.

"ಒಂದಕ್ಷರಾನೂ ಹೊಡೀಬೇಡ."